ಮೀಟರ್ ಲೈಟ್ ಹೋಯಿತೇ? ಮೊದಲು ಕಾರಿನ ಹಿಂದೆ ಹೋಗಿ ನೋಡಿ

ಭತ್ತದ ಸುಗ್ಗಿ ಸಮಯ. ರಾಯಚೂರಿನಿಂದ ಗಂಗಾವತಿಗೆ ವಾಪಸ್ ಬರುತ್ತಿದ್ದೆ. ಸಿಂಧನೂರು ದಾಟಿದಾಗ ಪೂರ್ತಿ ಕತ್ತಲಾಗಿತ್ತು. ಕಾರಟಗಿ ಇನ್ನೂ ದೂರ ಇತ್ತು. ರಸ್ತೆಯ ಒಂದು ಗುಂಡಿಗೆ ಚಕ್ರ ಬಿತ್ತು. ಅದೇ ಹೊತ್ತಿಗೆ ಮೀಟರ್ ಬೋರ್ಡಿನ ಬೆಳಕು ಪಟ್ಟನೆ ಆರಿತು. ಸ್ಪೀಡ್ ಎಷ್ಟು, ಪೆಟ್ರೋಲ್ ಎಷ್ಟು, ಏನೂ ಕಾಣಲಿಲ್ಲ. ಹೆಡ್‌ಲೈಟ್ ಮಾತ್ರ ಚೆನ್ನಾಗಿ ಉರಿಯುತ್ತಿತ್ತು. ಮುಂದಿನ ರಸ್ತೆ ಕಾಣುತ್ತಿದೆಯಲ್ಲ, ಮೀಟರ್ ಬೆಳಗ್ಗೆ ನೋಡಿಕೊಂಡರಾಯಿತು ಅಂದುಕೊಂಡು ಹಾಗೇ ಹೊರಟೆ.

ಐದಾರು ಕಿಲೋಮೀಟರ್ ಆದ ಮೇಲೆ ಹಿಂದಿನಿಂದ ಖಾಲಿ ಲಾರಿಯೊಂದು ಹಾರ್ನ್ ಹೊಡೆಯುತ್ತಾ ಬಂತು. ಪಕ್ಕಕ್ಕೆ ಬಂದಾಗ ಡ್ರೈವರ್ ಕಿಟಕಿಯಿಂದ ಕೂಗಿ ಹೇಳಿದರು: "ಅಣ್ಣಾರ, ಹಿಂದ ಲೈಟೇ ಇಲ್ಲ ನೋಡ್ರಿ! ಹತ್ರ ಬರೋತನ ಗಾಡಿ ಕಾಣ್ಲೇ ಇಲ್ಲ!"

ಕಾರು ಪಕ್ಕಕ್ಕೆ ಹಾಕಿ ಇಳಿದು ನೋಡಿದೆ. ಹಿಂದಿನ ಎರಡೂ ಕೆಂಪು ಲೈಟ್ ಆರಿದ್ದವು. ನಂಬರ್ ಪ್ಲೇಟ್ ಲೈಟೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದರು. ನನ್ನ ಕೈ ನಡುಗಿತು. ಆ ಡ್ರೈವರ್ ಸಹ ಲಾರಿ ನಿಲ್ಲಿಸಿದ್ದರು. "ನೀವು ಮುಂದ ನಡೀರಿ, ನಾ ಹಿಂದ ಬರ್ತೀನಿ" ಅಂದು ಕಾರಟಗಿವರೆಗೆ ನಮ್ಮ ಹಿಂದೆಯೇ ನಿಧಾನಕ್ಕೆ ಬಂದರು. ಅವರ ಋಣ ನನ್ನ ಮೇಲಿದೆ.

ಮರುದಿನ ನಮ್ಮ ಓಣಿಯ ಆಟೋ ಎಲೆಕ್ಟ್ರಿಷಿಯನ್ ಕಾಕಾ ಹತ್ತಿರ ಹೋದೆ. ಈ ಕೆಲಸದಲ್ಲೇ ಕೂದಲು ಬೆಳ್ಳಗಾದವರು ಅವರು. "ನಿನ್ನೆ ರಾತ್ರಿ ಮೀಟರ್ ಲೈಟ್ ಹೋಗಿದ್ವು ಕಾಕಾ" ಅಂದೆ. ಅವರು ಮೀಟರ್ ಕಡೆ ಕಣ್ಣೂ ಹಾಯಿಸಲಿಲ್ಲ. "ತಮ್ಮಾ, ಮೀಟರ್ ಆಮ್ಯಾಲ ನೋಡಾಣ. ಮೊದ್ಲ ಗಾಡಿ ಹಿಂದ ಹೋಗಿ ನಿಂದ್ರು" ಅಂದರು. ಇಲ್ಲಿ ಬರೆದಿರುವುದರಲ್ಲಿ ಅರ್ಧ ಅವರಿಂದ ಕಲಿತದ್ದು. ಇನ್ನರ್ಧ ಆಮೇಲೆ ನಮ್ಮ ಕಾರು, ಮಾವನ ವ್ಯಾನು, ಗೆಳೆಯರ ಗಾಡಿಗಳಲ್ಲಿ ಕೈಯಾಡಿಸಿ ಕಲಿತದ್ದು.

ಕರೆಂಟ್ ಬರುವ ದಾರಿ

ಕಾರಿನ ಲೈಟ್ ಸ್ವಿಚ್ಚಿಗೆ ಎರಡು ಹಂತ ಇರುತ್ತವೆ. ಮೊದಲ ಹಂತಕ್ಕೆ ತಿರುಗಿಸಿದರೆ ಪಾರ್ಕಿಂಗ್ ಲೈಟ್ ಬರುತ್ತದೆ. ಅಂದರೆ ಮುಂದೆ ಎರಡು ಸಣ್ಣ ಬಿಳಿ ಲೈಟ್, ಹಿಂದೆ ಎರಡು ಕೆಂಪು ಲೈಟ್, ನಂಬರ್ ಪ್ಲೇಟ್ ಲೈಟ್. ಇವುಗಳ ಜೊತೆಗೇ ಮೀಟರ್ ಬೋರ್ಡ್, ಎಸಿ ಗುಂಡಿ, ಸ್ಟೀರಿಯೋ ಬಟನ್‌ಗಳ ಬೆಳಕೂ ಬರುತ್ತದೆ. ಎರಡನೇ ಹಂತದಲ್ಲಿ ಹೆಡ್‌ಲೈಟ್.

ಹೆಡ್‌ಲೈಟಿಗೆ ಬೇರೆ ಫ್ಯೂಸ್. ಬ್ರೇಕ್ ಲೈಟಿಗೂ ಬೇರೆ ಫ್ಯೂಸ್. ಆದರೆ ಬಹಳಷ್ಟು ಕಾರುಗಳಲ್ಲಿ ಮೀಟರ್ ಬೆಳಕು ಮತ್ತು ಹಿಂದಿನ ಕೆಂಪು ಲೈಟ್ ಒಂದೇ ಫ್ಯೂಸಿನಿಂದ ಹೊರಡುತ್ತವೆ. ಕೆಲವು ಕಾರುಗಳಲ್ಲಿ ಎಡಕ್ಕೊಂದು, ಬಲಕ್ಕೊಂದು ಫ್ಯೂಸ್ ಇದ್ದು, ಮೀಟರ್ ಅವುಗಳಲ್ಲಿ ಒಂದರ ಜೊತೆ ಸೇರಿರುತ್ತದೆ. ಆ ಫ್ಯೂಸ್ ಹೋದರೆ ಎರಡೂ ಒಟ್ಟಿಗೇ ಆರುತ್ತವೆ. ಡ್ರೈವರ್ ಕಣ್ಣಿಗೆ ಬೀಳುವುದು ಮೀಟರ್ ಮಾತ್ರ. ಹೆಡ್‌ಲೈಟ್ ಉರಿಯುತ್ತಿರುವುದರಿಂದ ಎಲ್ಲ ಸರಿ ಇದೆ ಅನಿಸುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ಹಿಂದೆ ಕೆಂಪು ಕಾಣುತ್ತದೆ. ಉಳಿದ ಹೊತ್ತು ಕಾರು ಕತ್ತಲಲ್ಲಿ ಕತ್ತಲಾಗಿ ಹೋಗುತ್ತಿರುತ್ತದೆ.

ಸುಗ್ಗಿಯಲ್ಲಿ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆ ರಾತ್ರಿ ಓಡಾಡಿದವರಿಗೆ ಇದರ ಅಪಾಯ ಗೊತ್ತು. ಭತ್ತ ತುಂಬಿದ ಟ್ರ್ಯಾಕ್ಟರ್ ಟ್ರೇಲರ್, ಕಟಾವು ಯಂತ್ರ, ಬೈಕು ಎಲ್ಲ ಒಂದೇ ರಸ್ತೆಯಲ್ಲಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ರಾತ್ರಿ ಓಡುವ ಗಾಡಿಯ ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕು. ನಂಬರ್ ಪ್ಲೇಟ್ 15 ಮೀಟರ್ ದೂರದಿಂದ ಓದುವಂತಿರಬೇಕು. ಹಾಗಾಗಿ ಮೀಟರ್ ಆರಿದ ತಕ್ಷಣ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಹಜಾರ್ಡ್ ಲೈಟ್ (ನಾಲ್ಕೂ ಇಂಡಿಕೇಟರ್ ಒಟ್ಟಿಗೇ ಮಿಣುಕುವುದು) ಹಾಕಿ, ಇಳಿದು ಹಿಂದೆ ಹೋಗಿ ನೋಡಿ. ಹಜಾರ್ಡ್ ಲೈಟ್ ಬೇರೆ ಸರ್ಕ್ಯೂಟ್ ಆದ್ದರಿಂದ ಅದು ಸಾಮಾನ್ಯವಾಗಿ ಕೆಲಸ ಮಾಡುತ್ತಿರುತ್ತದೆ.

ಅಲ್ಲಿ ಕಂಡದ್ದರ ಮೇಲೆ ಮುಂದಿನ ಕೆಲಸ ನಿಂತಿದೆ. ಹಿಂದಿನ ಲೈಟೂ ಹೋಗಿದ್ದರೆ ಫ್ಯೂಸ್, ಅದರ ಹಿಂದೆ ಎಲ್ಲೋ ಶಾರ್ಟ್ (ವೈರಿನ ತಾಮ್ರ ಬಾಡಿಗೆ ತಾಗುವುದು), ಇಲ್ಲವೇ ಸ್ವಿಚ್ ಅಥವಾ ರಿಲೇ (ಕರೆಂಟಿನಿಂದಲೇ ಆನ್ ಆಗುವ ಸಣ್ಣ ಸ್ವಿಚ್ ಡಬ್ಬಿ). ಹಿಂದಿನ ಲೈಟ್ ಸರಿಯಾಗಿದ್ದು ಮೀಟರ್, ಎಸಿ ಗುಂಡಿ ಎಲ್ಲ ಆರಿದ್ದರೆ ಡಿಮ್ಮರ್, ಅಂದರೆ ಮೀಟರ್ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಚಕ್ರ. ಮೀಟರ್ ಬೋರ್ಡ್ ಒಂದೇ ಆರಿದ್ದರೆ ಅದರ ಕಪ್ಲರ್ (ವೈರ್‌ಗಳನ್ನು ಸೇರಿಸುವ ಪ್ಲಗ್) ಅಥವಾ ಅರ್ಥಿಂಗ್ (ಕರೆಂಟ್ ಬಾಡಿಗೆ ವಾಪಸ್ ಹೋಗುವ ಜೋಡಣೆ). ಮೀಟರಿನ ಒಂದು ಮೂಲೆ ಮಾತ್ರ ಕತ್ತಲಾಗಿದ್ದರೆ ಆ ಜಾಗದ ಬಲ್ಬ್. ಇನ್ನೊಂದು ಸಂಗತಿ. ಬೆಳಕಿನ ಜೊತೆ ಮುಳ್ಳುಗಳೂ ಸತ್ತಿದ್ದರೆ, ಪೆಟ್ರೋಲ್ ಮುಳ್ಳು ಏಳದಿದ್ದರೆ, ಅದು ಬೇರೆ ರೋಗ. ಮುಳ್ಳುಗಳಿಗೆ ಕರೆಂಟ್ ಇಗ್ನಿಷನ್ ಕಡೆಯಿಂದ ಬರುತ್ತದೆ. ಅದರ ಫ್ಯೂಸ್ ಬೇರೆ, ಹುಡುಕುವ ದಾರಿಯೂ ಬೇರೆ.

ಡಿಮ್ಮರ್ ಒಂದು ಸಲ ತಿರುಗಿಸಿ ನೋಡಿ

ಬಳ್ಳಾರಿಯಲ್ಲಿರುವ ನಮ್ಮ ಮಾವನ ವ್ಯಾನಿನ ಮೀಟರ್ ಬೆಳಕು ಒಂದು ದಿನ ಪೂರ್ತಿ ಹೋಯಿತು. ಹಿಂದಿನ ಲೈಟ್ ಚೆನ್ನಾಗಿತ್ತು. ಮಾವ ಫೋನ್ ಮಾಡಿ, "ಮೀಟರ್ ಬಿಚ್ಚಬೇಕಂತಪ್ಪ, ಏನ್ ಮಾಡ್ಲಿ?" ಅಂದರು. ಸ್ಟೀರಿಂಗ್ ಪಕ್ಕದಲ್ಲಿ ಹಲ್ಲುಹಲ್ಲಿನ ಸಣ್ಣ ಚಕ್ರ ಇರುತ್ತದಲ್ಲ, ಅದನ್ನು ಮೇಲಕ್ಕೆ ತಿರುಗಿಸಿ ನೋಡಿ ಅಂದೆ. ಬೆಳಕು ಬಂತು. ಹಿಂದಿನ ದಿನ ಗಾಡಿ ತೊಳೆಸಿದ್ದರು. ಡ್ಯಾಶ್‌ಬೋರ್ಡ್ ಒರೆಸುವಾಗ ಬಟ್ಟೆ ತಾಗಿ ಚಕ್ರ ಕೆಳಗಿನ ಕೊನೆಗೆ ಹೋಗಿತ್ತು. ಕೆಲವು ಗಾಡಿಗಳಲ್ಲಿ ಚಕ್ರ ಕೊನೆಗೆ ಹೋದರೆ ಬೆಳಕು ಪೂರ್ತಿ ಆರುತ್ತದೆ. ಬಿಚ್ಚುವ ಮುಂಚೆ ಇದನ್ನು ನೋಡಲು ಅರ್ಧ ನಿಮಿಷ ಸಾಕು.

ಚಕ್ರ ತಿರುಗಿಸುವಾಗ ಬೆಳಕು ಬಂದು ಹೋಗಿ ಮಾಡಿದರೆ ಡಿಮ್ಮರ್ ಒಳಗೆ ಸವೆದಿದೆ ಅಂತ ತಿಳಿಯಿರಿ. ಹಳೇ ಡಿಮ್ಮರ್ ಒಳಗೆ ಸುತ್ತಿದ ತಂತಿ ಇದ್ದು, ಅದರ ಮೇಲೆ ಒಂದು ಲೋಹದ ನಾಲಗೆ ಓಡಾಡುತ್ತದೆ. ಧೂಳು ಕೂತರೆ, ತಂತಿ ಸುಟ್ಟರೆ ಆ ಜಾಗದಲ್ಲಿ ಕರೆಂಟ್ ಹರಿಯುವುದಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸ್ವಲ್ಪ ಹೊಡೆದು ಚಕ್ರವನ್ನು ಇಪ್ಪತ್ತು ಸಲ ಆಕಡೆ ಈಕಡೆ ತಿರುಗಿಸಿ. ಸಂಡೂರು, ತೋರಣಗಲ್ಲು ಕಡೆ ಓಡುವ ಗಾಡಿಗಳಲ್ಲಿ ಅದಿರಿನ ಕೆಂಪು ಧೂಳು ಎಲ್ಲ ಸಂದಿಗೂ ಹೋಗಿರುತ್ತದೆ. ಅಂಥ ಗಾಡಿಯಲ್ಲಿ ಬರೀ ಕ್ಲೀನ್ ಮಾಡಿದ್ದಕ್ಕೇ ಸರಿಹೋದದ್ದನ್ನು ನೋಡಿದ್ದೇನೆ.

ಫ್ಯೂಸ್: ಬಣ್ಣ ಬದಲಿಸಬೇಡಿ

ಹಿಂದಿನ ಲೈಟೂ ಹೋಗಿದ್ದರೆ ಫ್ಯೂಸ್ ಬಾಕ್ಸ್ ತೆಗೆಯಿರಿ. ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗೆ ಒಂದು, ಬಾನೆಟ್ ಒಳಗೆ ಇನ್ನೊಂದು ಇರುತ್ತದೆ. ಮುಚ್ಚಳದ ಒಳಮೈಯಲ್ಲಿ ಯಾವುದು ಯಾವ ಫ್ಯೂಸ್ ಅಂತ ಚಿತ್ರ ಇರುತ್ತದೆ. 'ಟೇಲ್' ಅಂತ ಬರೆದಿರುವುದನ್ನು ಹುಡುಕಿ. ಕೆಲವು ಕಾರುಗಳಲ್ಲಿ 'ಇಲ್ಲುಮಿನೇಷನ್' ಅಂತಲೂ ಒಂದು ಇರುತ್ತದೆ.

ಫ್ಯೂಸ್ ಕಣ್ಣಿಗೆ ಸರಿ ಕಂಡರೂ ನಂಬಬೇಡಿ. ತಂತಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಇರುತ್ತವೆ. ಪಾರ್ಕಿಂಗ್ ಲೈಟ್ ಆನ್ ಮಾಡಿ, ಟೆಸ್ಟ್ ಲ್ಯಾಂಪಿನ (ಒಂದು ಕಡೆ ಕ್ಲಿಪ್, ಇನ್ನೊಂದು ಕಡೆ ಮೊನೆ ಇದ್ದು ಕರೆಂಟ್ ಇದ್ದರೆ ಉರಿಯುವ ಸಣ್ಣ ಬಲ್ಬ್) ಕ್ಲಿಪ್ಪನ್ನು ಬಾಡಿಯ ಬೋಲ್ಟಿಗೆ ಹಾಕಿ, ಮೊನೆಯನ್ನು ಆ ಚುಕ್ಕೆಗಳಿಗೆ ಒಂದೊಂದಾಗಿ ಮುಟ್ಟಿಸಿ. ಎರಡರಲ್ಲೂ ಉರಿದರೆ ಫ್ಯೂಸ್ ಸರಿ. ಒಂದರಲ್ಲಿ ಮಾತ್ರ ಉರಿದರೆ ಫ್ಯೂಸ್ ಹೋಗಿದೆ. ಎರಡರಲ್ಲೂ ಉರಿಯದಿದ್ದರೆ ಫ್ಯೂಸಿಗೇ ಕರೆಂಟ್ ಬರುತ್ತಿಲ್ಲ. ಆಗ ಸ್ವಿಚ್, ರಿಲೇ ಕಡೆ ಹೋಗಬೇಕು. ರಿಲೇ ಇದ್ದರೆ ಪಕ್ಕದ ಅದೇ ನಂಬರಿನ ರಿಲೇ ಹಾಕಿ ನೋಡುವುದು ಸುಲಭದ ಪರೀಕ್ಷೆ. ಸ್ವಿಚ್ ಅಂದರೆ ಸ್ಟೀರಿಂಗ್ ಪಕ್ಕದ ಕಾಂಬಿನೇಷನ್ ಸ್ವಿಚ್. ಅದನ್ನು ಮೆಲ್ಲಗೆ ಅಲ್ಲಾಡಿಸಿದಾಗ ಲೈಟ್ ಬಂದು ಹೋದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ.

ಈಗ ಬಣ್ಣದ ವಿಷಯ. ಬ್ಲೇಡ್ ಫ್ಯೂಸಿನಲ್ಲಿ ಕಂದು 7.5 ಆಂಪ್, ಕೆಂಪು 10, ನೀಲಿ 15, ಹಳದಿ 20, ಹಸಿರು 30. ನಮ್ಮ ಕಾರಿನಲ್ಲಿ ಇರಬೇಕಾದದ್ದು ಕೆಂಪು. ಅವತ್ತು ರಾತ್ರಿ ಕಾರಟಗಿಯಲ್ಲಿ ರಸ್ತೆ ಪಕ್ಕದ ಅಂಗಡಿಯೊಂದರಲ್ಲಿ ಹಸಿರು ಫ್ಯೂಸ್ ಹಾಕಿಕೊಟ್ಟರು. "ಇದು ಹೋಗಲ್ರಿ, ಆರಾಮ್ ಹೋಗ್ರಿ" ಅಂದರು. ನನಗೂ ಆಗ ಗೊತ್ತಿರಲಿಲ್ಲ. ಲೈಟ್ ಬಂತಲ್ಲ ಅಂತ ಖುಷಿಯಾಗಿ ಮನೆಗೆ ಬಂದೆ. ಮರುದಿನ ಕಾಕಾ ಅದನ್ನು ನೋಡಿ ಒಂದು ಮಾತೂ ಆಡದೆ ಕಿತ್ತು ನನ್ನ ಕೈಗೆ ಕೊಟ್ಟರು. ಡಿಕ್ಕಿ ಹತ್ತಿರದ ವೈರ್ ಬಿಚ್ಚಿ ತೋರಿಸಿದರು. ಸಿಪ್ಪೆ ಕಾದು ಮೆತ್ತಗಾಗಿ ಪಕ್ಕದ ವೈರಿಗೆ ಅಂಟಿತ್ತು. ಇನ್ನೊಂದು ಹತ್ತು ದಿನ ಹಾಗೇ ಓಡಿಸಿದ್ದರೆ ಏನಾಗುತ್ತಿತ್ತೋ.

ಸ್ವಲ್ಪ ಲೆಕ್ಕ ಹಾಕಿ ನೋಡಿ. ಹಿಂದೆ 5 ವ್ಯಾಟಿನ ಎರಡು ಬಲ್ಬ್, ಮುಂದೆ 5 ವ್ಯಾಟಿನ ಎರಡು, ನಂಬರ್ ಪ್ಲೇಟಿಗೆ 5 ವ್ಯಾಟಿನ ಒಂದೋ ಎರಡೋ, ಮೀಟರ್ ಒಳಗೆ ಸಣ್ಣ ಸಣ್ಣವು ನಾಲ್ಕೈದು. ಎಲ್ಲ ಸೇರಿ ಸುಮಾರು 40 ವ್ಯಾಟ್. 12 ವೋಲ್ಟಿನಲ್ಲಿ ಅದು ಮೂರೂವರೆ ಆಂಪ್ ಕೂಡ ದಾಟುವುದಿಲ್ಲ. ಅಂದಮೇಲೆ 10 ಆಂಪಿನ ಫ್ಯೂಸ್ ಸುಮ್ನೆ ಸುಡುವುದಿಲ್ಲ. ಎಲ್ಲೋ ವೈರ್ ಬಾಡಿಗೆ ತಾಗುತ್ತಿದೆ. ಫ್ಯೂಸ್ ದೊಡ್ಡದು ಹಾಕಿದರೆ ಸುಡಬೇಕಾದ ಫ್ಯೂಸಿನ ಬದಲು ವೈರ್ ಸುಡುತ್ತದೆ. ಅದು ಇರುವುದು ಕಾರ್ಪೆಟ್ ಕೆಳಗೆ, ಸೀಟಿನ ಕೆಳಗೆ, ಪೆಟ್ರೋಲ್ ಟ್ಯಾಂಕಿನ ಹತ್ತಿರ.

ದಾರಿಯಲ್ಲಿ ಫ್ಯೂಸ್ ಹೋದರೆ ಸ್ಟೀರಿಯೋದ್ದೋ ಲೈಟರ್ ಸಾಕೆಟ್ಟಿನದ್ದೋ ಅದೇ ಬಣ್ಣದ ಫ್ಯೂಸ್ ಕಿತ್ತು ಇಲ್ಲಿ ಹಾಕಿ. ಅದೇ ಬಣ್ಣ ಸಿಗದಿದ್ದರೆ ಒಂದು ಹಂತ ಕಡಿಮೆಯದು ಹಾಕಿ. ಜಾಸ್ತಿಯದು ಬೇಡ. ಅದೂ ತಕ್ಷಣ ಹೋದರೆ ಇನ್ನೊಂದು ಹಾಕಿ ಪರೀಕ್ಷೆ ಮಾಡುತ್ತಾ ಕೂರಬೇಡಿ. ಹಜಾರ್ಡ್ ಹಾಕಿಕೊಂಡು ನಿಧಾನಕ್ಕೆ ಹತ್ತಿರದ ಊರಿಗೋ ಬೆಳಕಿರುವ ಪೆಟ್ರೋಲ್ ಬಂಕಿಗೋ ಸೇರಿಕೊಳ್ಳಿ.

ಶಾರ್ಟ್ ಹುಡುಕುವ ಬಲ್ಬ್

ಫ್ಯೂಸ್ ಮೇಲೆ ಫ್ಯೂಸ್ ಸುಡದೆ ಶಾರ್ಟ್ ಹುಡುಕುವ ಒಂದು ವಿಧಾನವನ್ನು ಕಾಕಾ ಕಲಿಸಿದರು. ನನಗೆ ಈ ಇಡೀ ಕೆಲಸದಲ್ಲಿ ಅತಿ ಇಷ್ಟವಾದದ್ದು ಇದೇ.

ಇಂಡಿಕೇಟರಿನ 21 ವ್ಯಾಟ್ ಬಲ್ಬ್, ಅದಕ್ಕೊಂದು ಹೋಲ್ಡರ್, ಎರಡು ವೈರ್ ತಗೊಳ್ಳಿ. ಸುಟ್ಟುಹೋದ ಫ್ಯೂಸಿನ ಎರಡು ಕಾಲುಗಳಿಗೆ ಈ ವೈರ್‌ಗಳನ್ನು ಸಾಲ್ಡರ್ ಮಾಡಿ. ಅದನ್ನು ಟೇಲ್ ಫ್ಯೂಸಿನ ಜಾಗಕ್ಕೆ ಚುಚ್ಚಿ. ಬರೀ ವೈರ್ ತುರುಕಿದರೆ ಸಾಕೆಟ್ ಹಿಗ್ಗಿ ಆಮೇಲೆ ಫ್ಯೂಸ್ ಲೂಸ್ ಆಗುತ್ತದೆ, ಅದಕ್ಕೇ ಹಳೇ ಫ್ಯೂಸಿನ ಕಾಲು. ಮುಂದಿನ, ಹಿಂದಿನ, ನಂಬರ್ ಪ್ಲೇಟಿನ ಬಲ್ಬ್‌ಗಳನ್ನು ಬಿಚ್ಚಿಡಿ. ಈಗ ಪಾರ್ಕಿಂಗ್ ಲೈಟ್ ಆನ್ ಮಾಡಿ. ಶಾರ್ಟ್ ಇದ್ದರೆ 21 ವ್ಯಾಟಿನ ಬಲ್ಬ್ ಪೂರ್ತಿ ಬೆಳಕಿನಿಂದ ಉರಿಯುತ್ತದೆ. ಶಾರ್ಟ್ ಇಲ್ಲದಿದ್ದರೆ ಮೀಟರಿನ ಸಣ್ಣ ಬಲ್ಬ್‌ಗಳ ಕರೆಂಟಿಗೆ ಅದು ಮಿಣುಕುತ್ತದೆ, ಅಷ್ಟೇ. ಇಲ್ಲಿ ಎಷ್ಟೇ ಶಾರ್ಟ್ ಇದ್ದರೂ ಎರಡು ಆಂಪಿಗಿಂತ ಜಾಸ್ತಿ ಕರೆಂಟ್ ಹರಿಯಲು ಆ ಬಲ್ಬ್ ಬಿಡುವುದಿಲ್ಲ. ಹಾಗಾಗಿ ವೈರ್ ಸುಡುವ ಭಯ ಇಲ್ಲ. ಬಲ್ಬ್ ಮಾತ್ರ ಚೆನ್ನಾಗಿ ಕಾಯುತ್ತದೆ. ಅದನ್ನು ಸೀಟಿನ ಮೇಲೆ, ಪ್ಲಾಸ್ಟಿಕ್ ಮೇಲೆ ಇಡಬೇಡಿ.

ಬಲ್ಬ್ ಉರಿಯುತ್ತಿರುವಾಗ ಒಬ್ಬರು ಅದನ್ನು ನೋಡುತ್ತಿರಲಿ. ಇನ್ನೊಬ್ಬರು ಹಿಂದಿನಿಂದ ಶುರುಮಾಡಿ ಒಂದೊಂದೇ ಕಪ್ಲರ್ ಬಿಚ್ಚುತ್ತಾ, ವೈರ್ ಕಟ್ಟನ್ನು ಅಲ್ಲಾಡಿಸುತ್ತಾ ಬನ್ನಿ. ಯಾವ ಕಪ್ಲರ್ ಬಿಚ್ಚಿದಾಗ ಬಲ್ಬ್ ಮಂಕಾಯಿತೋ ಶಾರ್ಟ್ ಆ ಕಪ್ಲರಿನಾಚೆ ಇದೆ. ನಮ್ಮ ಮನೆಯಲ್ಲಿ ಬಲ್ಬ್ ನೋಡುವ ಕೆಲಸ ನನ್ನ ಮಗಳದ್ದು. "ಅಪ್ಪಾ, ಈಗ ಸಣ್ಣದಾತು!" ಅಂತ ಅವಳು ಕೂಗಿದಾಗ ನನ್ನ ಕೈ ಡಿಕ್ಕಿ ಬಾಗಿಲಿನ ರಬ್ಬರ್ ಕೊಳವೆ ಮೇಲಿತ್ತು.

ಹಿಂದಿನ ಬಾಗಿಲು ಮೇಲಕ್ಕೆ ತೆರೆಯುವ ಕಾರುಗಳಲ್ಲಿ ಈ ಜಾಗವನ್ನು ಎಲ್ಲಕ್ಕಿಂತ ಮೊದಲು ನೋಡಿ. ಬಾಡಿಯಿಂದ ಬಾಗಿಲಿಗೆ ನಂಬರ್ ಪ್ಲೇಟ್ ಲೈಟಿನ ವೈರ್ ಒಂದು ರಬ್ಬರ್ ಕೊಳವೆಯಲ್ಲಿ ಹೋಗುತ್ತದೆ. ಬಾಗಿಲು ತೆಗೆದು ಹಾಕಿದಾಗೆಲ್ಲ ವೈರ್ ಮಡಚುತ್ತದೆ. ವರ್ಷಗಳು ಕಳೆದಂತೆ ನಮ್ಮ ಬಿಸಿಲಿಗೆ ಸಿಪ್ಪೆ ಗಡುಸಾಗಿ ಬಿರಿಯುತ್ತದೆ. ಆಮೇಲೆ ಒಳಗಿನ ತಾಮ್ರ ಬಾಡಿಗೆ ತಾಗುತ್ತದೆ. ಗುಂಡಿಗೆ ಬಿದ್ದಾಗ ಮಾತ್ರ ತಾಗುವುದರಿಂದ ಮನೆ ಮುಂದೆ ನಿಂತಾಗ ಎಲ್ಲ ಸರಿ ಇರುತ್ತದೆ. ನಮ್ಮ ಕಾರಿನಲ್ಲಿ ಆದದ್ದು ಇದೇ.

ರಿಪೇರಿ ಮಾಡುವಾಗ ಬಿರಿದ ಜಾಗಕ್ಕೆ ಬರೀ ಟೇಪ್ ಸುತ್ತಬೇಡಿ. ಏಪ್ರಿಲ್ ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಕೆಟ್ಟ ಭಾಗ ಕತ್ತರಿಸಿ, ಅಷ್ಟೇ ದಪ್ಪದ ಹೊಸ ವೈರ್ ತುಂಡು ಸಾಲ್ಡರ್ ಮಾಡಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ. ಬೆಸುಗೆಯ ಜಾಗ ಬಾಗಿಲಿನ ಮಡಿಕೆಯಲ್ಲಿ ಬರದಂತೆ ಸ್ವಲ್ಪ ಒಳಗೆ ತಗೊಳ್ಳಿ. ಸಾಲ್ಡರ್ ಆದ ವೈರ್ ಬಾಗಿದರೆ ಅಲ್ಲೇ ಮತ್ತೆ ಮುರಿಯುತ್ತದೆ.

ಹೊಸ ಸ್ಟೀರಿಯೋ ಹಾಕಿಸಿದ ಮೇಲೆ ಹೋಯಿತೇ?

ಇದು ನಾನು ಕೇಳುವ ಎರಡನೇ ಪ್ರಶ್ನೆ. ಹೊರಗಡೆ ಕೊಂಡ ಸ್ಟೀರಿಯೋಗಳ ವೈರ್ ಕಟ್ಟಿನಲ್ಲಿ ಕಿತ್ತಳೆ ಬಣ್ಣದ ಒಂದು ವೈರ್ ಇರುತ್ತದೆ, ಕೆಲವೊಮ್ಮೆ ಅದರ ಮೇಲೆ ಬಿಳಿ ಗೆರೆ ಇರುತ್ತದೆ. ರಾತ್ರಿ ಲೈಟ್ ಹಾಕಿದಾಗ ಸ್ಟೀರಿಯೋ ಬೆಳಕು ಮಂದವಾಗಲಿ ಅಂತ ಅದು ಇರುವುದು. ಕಾರಿನ ಕಡೆಯಿಂದ ಅದು ಸೇರುವುದು ಈ ನಮ್ಮ ಪಾರ್ಕಿಂಗ್ ಲೈಟ್ ಸರ್ಕ್ಯೂಟಿಗೆ. ಬಹಳ ಜನ ಅದನ್ನು ಜೋಡಿಸದೆ ಹಾಗೇ ಬಿಡುತ್ತಾರೆ. ಕಾರಿನ ಕಡೆಯ ವೈರಿನ ತುದಿಗೆ ಟೇಪ್ ಇಲ್ಲದಿದ್ದರೆ ಅದು ಸ್ಟೀರಿಯೋ ಹಿಂದಿನ ಲೋಹಕ್ಕೆ ತಾಗಿ ಫ್ಯೂಸ್ ಹೋಗುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಕೆಲವು ಕಾರುಗಳಲ್ಲಿ ಸ್ಟೀರಿಯೋ ಬೆಳಕಿಗೆ ಎರಡು ವೈರ್ ಬರುತ್ತವೆ. ಒಂದು ಪ್ಲಸ್. ಇನ್ನೊಂದು ನೋಡಲು ಅರ್ಥಿಂಗ್ ಥರ ಕಾಣುತ್ತದೆ, ಆದರೆ ಡಿಮ್ಮರ್ ಮೂಲಕ ವಾಪಸ್ ಹೋಗುವ ವೈರ್. ಫಿಟ್ಟಿಂಗ್ ಮಾಡುವವರು ಅದನ್ನೇ ಅರ್ಥಿಂಗ್ ಅಂದುಕೊಂಡು ಸ್ಟೀರಿಯೋದ ಕಪ್ಪು ವೈರಿಗೆ ಜೋಡಿಸಿದರೆ, ಸ್ಟೀರಿಯೋದ ಪೂರ್ತಿ ಕರೆಂಟ್ ಆ ಬಡ ಡಿಮ್ಮರ್ ಮೂಲಕ ಹರಿಯುತ್ತದೆ. ಡಿಮ್ಮರ್ ಸುಟ್ಟುಹೋಗುತ್ತದೆ. ಫ್ಯೂಸ್ ಮಾತ್ರ ಸರಿಯಾಗೇ ಇರುತ್ತದೆ. ಹಿಂದಿನ ಲೈಟೂ ಉರಿಯುತ್ತದೆ. ಹೊಸ ಡಿಮ್ಮರ್ ಹಾಕಿದರೂ ಮತ್ತೆ ಸುಡುತ್ತದೆ. ಹಾಗಾಗಿ ಸ್ಟೀರಿಯೋಗೆ ಅರ್ಥಿಂಗನ್ನು ನೇರವಾಗಿ ಬಾಡಿಯ ಬೋಲ್ಟಿನಿಂದಲೇ ಕೊಡಿಸಿ. ಫಿಟ್ಟಿಂಗ್ ಮಾಡುವಾಗ ಪಕ್ಕದಲ್ಲೇ ನಿಂತು ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇಲಿ

ಸಿಂಧನೂರಿನ ಗೆಳೆಯರೊಬ್ಬರ ಮನೆ ರೈಸ್ ಮಿಲ್ ಪಕ್ಕದಲ್ಲಿದೆ. ಭತ್ತ ಕಟಾವಾದ ಮೇಲೆ ಗದ್ದೆಯ ಇಲಿಗಳು ಮನೆ ಕಡೆ ಬರುತ್ತವೆ. ರಾತ್ರಿ ಬೆಚ್ಚಗಿರುವ ಇಂಜಿನ್ ಅವಕ್ಕೆ ಒಳ್ಳೆ ಜಾಗ. ಅವರ ಕಾರಿನಲ್ಲಿ ಮೀಟರ್ ಬೆಳಕು ಮತ್ತು ಎಡಗಡೆಯ ಹಿಂದಿನ ಲೈಟ್ ಒಟ್ಟಿಗೇ ಹೋಗಿದ್ದವು. ಬಾಗಿಲಿನ ಕೆಳಪಟ್ಟಿ ತೆಗೆದಾಗ ವೈರ್ ಕಟ್ಟಿನ ಪಕ್ಕದಲ್ಲಿ ಭತ್ತದ ಹೊಟ್ಟು, ಇಲಿ ಹಿಕ್ಕೆ. ಮೂರು ವೈರ್ ಕಡಿದಿದ್ದವು. ಇಂಥ ಕಡೆ ಒಂದು ಕಡಿತ ಸಿಕ್ಕಿತು ಅಂತ ನಿಲ್ಲಬೇಡಿ. ಆ ಕಟ್ಟನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಲ್ಲಿ ಸವರುತ್ತಾ ನೋಡಿ. ತಂಬಾಕಿನ ಎಲೆ, ನುಸಿಗುಳಿಗೆ ಇಡುವವರಿದ್ದಾರೆ. ವಾಸನೆ ಇರುವಷ್ಟು ದಿನ ಅದು ಸ್ವಲ್ಪ ತಡೆಯುತ್ತದೆ. ಕಾರನ್ನು ಭತ್ತದ ಚೀಲದಿಂದ ದೂರ ನಿಲ್ಲಿಸುವುದು, ಸೀಟಿನ ಕೆಳಗೆ ತಿಂಡಿ ಬೀಳದಂತೆ ನೋಡಿಕೊಳ್ಳುವುದು ಹೆಚ್ಚು ಉಪಯೋಗ.

ಮೀಟರ್ ಬಿಚ್ಚಲೇಬೇಕಾದಾಗ

ಹಿಂದಿನ ಲೈಟ್ ಸರಿ, ಡಿಮ್ಮರ್ ಸರಿ, ಎಸಿ ಗುಂಡಿಯಲ್ಲೂ ಬೆಳಕಿದೆ, ಮೀಟರ್ ಮಾತ್ರ ಕತ್ತಲು. ಈಗ ಬಿಚ್ಚಬೇಕು. ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ತೆಗೆಯಿರಿ. ಏರ್‌ಬ್ಯಾಗ್ ಇರುವ ಕಾರಾದರೆ ಆಮೇಲೆ ಕೆಲವು ನಿಮಿಷ ಸುಮ್ನೆ ಕಾಯಿರಿ. ಅದರ ಒಳಗೆ ಉಳಿದ ಕರೆಂಟ್ ಇಳಿಯಬೇಕು. ಎಷ್ಟು ಹೊತ್ತು ಅಂತ ಕಾರಿನ ಪುಸ್ತಕದಲ್ಲಿ ಇರುತ್ತದೆ. ಹಳದಿ ಬಣ್ಣದ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದ್ದು. ಅದನ್ನು ಮುಟ್ಟಬೇಡಿ, ಅದಕ್ಕೆ ಮಲ್ಟಿಮೀಟರ್ ಹಿಡಿಯಬೇಡಿ.

ಮೀಟರ್ ಸುತ್ತಲಿನ ಕವರಿಗೆ ಎರಡರಿಂದ ನಾಲ್ಕು ಸ್ಕ್ರೂ ಇರುತ್ತವೆ. ಉಳಿದದ್ದು ಕ್ಲಿಪ್. ವರ್ಷಾನುಗಟ್ಟಲೆ ಬಿಸಿಲು ತಿಂದ ಪ್ಲಾಸ್ಟಿಕ್ ಕ್ಲಿಪ್ ಕಡ್ಡಿಯಂತೆ ಮುರಿಯುತ್ತದೆ. ಚಳಿಗಾಲದ ಮುಂಜಾನೆ ಈ ಕೆಲಸಕ್ಕೆ ಕೈ ಹಾಕಬೇಡಿ. ಸ್ವಲ್ಪ ಬಿಸಿಲೇರಿ ಪ್ಲಾಸ್ಟಿಕ್ ಬೆಚ್ಚಗಾದ ಮೇಲೆ ಅದು ಬಾಗುತ್ತದೆ. ಸ್ಕ್ರೂಡ್ರೈವರ್ ಬದಲು ಹಳೇ ಎಟಿಎಂ ಕಾರ್ಡಿಗೆ ತೆಳು ಬಟ್ಟೆ ಸುತ್ತಿ ಸಂದಿಗೆ ಹಾಕಿ ಎತ್ತಿ. ಪ್ರತಿ ಹಂತಕ್ಕೂ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಹಳೇ ಕಾರಿನಲ್ಲಿ ಸ್ಪೀಡೋಮೀಟರ್ ಕೇಬಲ್ ಹಿಂದೆ ಸೇರಿರುತ್ತದೆ. ಜಗ್ಗಬೇಡಿ. ಅದರ ಲಾಕ್ ಒತ್ತಿ ಬಿಡಿಸಿ. ಮೀಟರನ್ನು ಮುಳ್ಳಿನ ಕಡೆ ಕೆಳಗೆ ಮಾಡಿ ಇಡುವುದಾದರೆ ಕೆಳಗೆ ಮೆತ್ತನೆ ಟವೆಲ್ ಹಾಸಿ, ಗಾಜಿನ ಮೇಲೆ ಭಾರ ಹಾಕಬೇಡಿ.

ಹಿಂಭಾಗದಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ತಾಮ್ರದ ಗೆರೆಗಳು ಕಾಣುತ್ತವೆ. ಅದರ ಮೇಲೆ ಬೆರಳ ತುದಿಯಷ್ಟು ಹೋಲ್ಡರ್‌ಗಳು. ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಬಲ್ಬ್ ಸಮೇತ ಕೈಗೆ ಬರುತ್ತವೆ. ಗಾಜು ಕಪ್ಪಾಗಿದ್ದರೆ, ಒಳಗಿನ ತಂತಿ ಮುರಿದಿದ್ದರೆ ಬಲ್ಬ್ ಹೋಗಿದೆ. ಅನುಮಾನ ಇದ್ದರೆ ಪಕ್ಕದ ಉರಿಯುವ ಬಲ್ಬನ್ನು ಇಲ್ಲಿ ಹಾಕಿ ನೋಡಿ. ಅದೂ ಉರಿಯದಿದ್ದರೆ ತಪ್ಪು ಹೋಲ್ಡರಿನದ್ದು ಅಥವಾ ತಾಮ್ರದ ಗೆರೆಯದ್ದು. ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಗೆರೆಯ ಮೇಲಿನ ಕಪ್ಪು ಕಲೆ ಮೆಲ್ಲಗೆ ಉಜ್ಜಿ. ಹೋಲ್ಡರಿನ ಎರಡು ಲೋಹದ ಕಿವಿಗಳನ್ನು ಒಂಚೂರು ಮೇಲೆತ್ತಿ. ಬಹಳ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಹೊಸ ಬಲ್ಬ್ ತರುವಾಗ ಹಳೆಯದನ್ನು ಅಂಗಡಿಗೆ ತಗೊಂಡು ಹೋಗಿ. ಗಾತ್ರವೂ ವ್ಯಾಟೂ ಒಂದೇ ಇರಬೇಕು. ಇವು 1.2 ವ್ಯಾಟ್, ಮೂರು ವ್ಯಾಟ್ ಹೀಗೆ ಬರುತ್ತವೆ. ಜಾಸ್ತಿ ಬೆಳಕು ಬರಲಿ ಅಂತ 5 ವ್ಯಾಟ್ ಹಾಕಿದರೆ ಹೋಲ್ಡರ್ ಕರಗುತ್ತದೆ, ಹಾಳೆ ಸುಡುತ್ತದೆ. ಒಂದು ಹೋಗಿದ್ದರೆ ಎಲ್ಲವನ್ನೂ ಬದಲಿಸುವುದು ನನ್ನ ಅಭ್ಯಾಸ. ಅಷ್ಟು ಬಿಚ್ಚಿದ ಮೇಲೆ ಕೆಲವು ರೂಪಾಯಿಗೆ ಯೋಚನೆ ಮಾಡಬಾರದು, ಅಲ್ವಾ? ಎಲ್‌ಇಡಿ ಹಾಕುವುದಾದರೆ ಒಂದು ಮಾತು. ಉರಿಯದಿದ್ದರೆ ಕೆಟ್ಟಿದೆ ಅಂತ ಎಸೆಯಬೇಡಿ. ತೆಗೆದು ತಿರುಗಿಸಿ ಹಾಕಿ. ಅದಕ್ಕೆ ಪ್ಲಸ್ ಮೈನಸ್ ಇದೆ. ಹಳೇ ಡಿಮ್ಮರ್ ಜೊತೆ ಎಲ್‌ಇಡಿ ಸರಿಯಾಗಿ ಮಂದವಾಗುವುದಿಲ್ಲ. ಬ್ಯಾಟರಿ ಚಿತ್ರದ ವಾರ್ನಿಂಗ್ ಲೈಟಿಗೆ ಮಾತ್ರ ಎಲ್‌ಇಡಿ ಬೇಡ. ಹಳೇ ಕಾರುಗಳಲ್ಲಿ ಆಲ್ಟರ್ನೇಟರ್ ಚಾರ್ಜಿಂಗ್ ಶುರುವಾಗಲು ಬೇಕಾದ ಕರೆಂಟ್ ಆ ಬಲ್ಬ್ ಮೂಲಕವೇ ಹೋಗುತ್ತದೆ.

ಅರ್ಥಿಂಗ್ ಕೆಟ್ಟಿದ್ದರೆ ಲಕ್ಷಣ ಬೇರೆ ಥರ ಇರುತ್ತದೆ. ಇಂಡಿಕೇಟರ್ ಹಾಕಿದಾಗ ಮೀಟರ್ ಬೆಳಕೂ ಅದರ ಜೊತೆ ಮಿಣುಕುತ್ತದೆ. ಲೈಟ್ ಹಾಕಿದ ಕೂಡಲೇ ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಜಾಗ ಬದಲಿಸುತ್ತವೆ. ಬ್ಯಾಟರಿ ಮತ್ತೆ ಜೋಡಿಸಿ, ಲೈಟ್ ಆನ್ ಮಾಡಿ, ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಒಂದು ಮೊನೆ ಮೀಟರ್ ಕಪ್ಲರಿನ ಅರ್ಥಿಂಗ್ ಪಿನ್ನಿಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ. 0.1 ವೋಲ್ಟ್ ಆಸುಪಾಸು ಇದ್ದರೆ ಒಳ್ಳೆಯದು. ಅರ್ಧ ವೋಲ್ಟ್ ಬಂದರೆ ಡ್ಯಾಶ್‌ಬೋರ್ಡ್ ಕೆಳಗಿನ ಅರ್ಥಿಂಗ್ ಬೋಲ್ಟ್ ಹುಡುಕಿ, ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ ಬಿಗಿ ಮಾಡಿ.

ಇತ್ತೀಚಿನ ಕಾರುಗಳಲ್ಲಿ ಎಲ್‌ಇಡಿಗಳನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಬೆಳಕು ಎಷ್ಟಿರಬೇಕು ಅಂತ ಕಂಪ್ಯೂಟರ್ ಹೇಳುತ್ತದೆ. ಅಂಥದ್ದರಲ್ಲಿ ಫ್ಯೂಸ್ ಮತ್ತು ಬ್ರೈಟ್‌ನೆಸ್ ಸೆಟ್ಟಿಂಗ್ ನೋಡಿ, ಮುಂದಿನದ್ದನ್ನು ಸ್ಕ್ಯಾನರ್ ಇರುವವರಿಗೆ ಬಿಡಿ. ಈ ಕಾರುಗಳಲ್ಲಿ ಇನ್ನೊಂದು ಅಪಾಯವಿದೆ. ಕೆಲವದರಲ್ಲಿ ಕಾರ್ ಸ್ಟಾರ್ಟ್ ಆದ ಕೂಡಲೇ ಮೀಟರ್ ಬೆಳಗುತ್ತದೆ. ಲೈಟ್ ಸ್ವಿಚ್ ಹಾಕದಿದ್ದರೂ ಒಳಗೆ ಬೆಳಕಿರುತ್ತದೆ. ಊರೊಳಗಿನ ಬೀದಿ ದೀಪದಲ್ಲಿ ಹೊರಟವರು ಹಿಂದಿನ ಲೈಟ್ ಹಾಕಿಲ್ಲ ಅನ್ನುವುದನ್ನೇ ಗಮನಿಸುವುದಿಲ್ಲ. ಮೀಟರ್ ಬೆಳಗುತ್ತಿದೆ ಅಂತ ಇಂಥ ಕಾರಿನಲ್ಲಿ ನಂಬಿ ಕೂರಬೇಡಿ.

ಕೆಲಸ ಮುಗಿದಾಗ ಕವರ್ ಸ್ಕ್ರೂ ಬಿಗಿಯುವ ಮುಂಚೆ ಪರೀಕ್ಷೆ ಮಾಡಿ. ಸರಿಯಾದ ಬಣ್ಣದ ಫ್ಯೂಸ್ ಹಾಕಿ, ಪಾರ್ಕಿಂಗ್ ಲೈಟ್ ಆನ್ ಮಾಡಿ, ಹಿಂದಿನ ಬಾಗಿಲನ್ನು ಹತ್ತು ಸಲ ತೆಗೆದು ಹಾಕಿ. ಬ್ರೇಕ್, ಇಂಡಿಕೇಟರ್ ಒಂದೊಂದಾಗಿ ನೋಡಿ. ಡಿಮ್ಮರ್ ಚಕ್ರ ಕೊನೆಯಿಂದ ಕೊನೆಗೆ ತಿರುಗಿಸಿ. ಆಮೇಲೆ ಗುಂಡಿ ಇರುವ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ, ಹಿಂದೆ ಬೈಕಿನಲ್ಲಿ ಮನೆಯವರೊಬ್ಬರು ಲೈಟ್ ನೋಡುತ್ತಾ ಬರಲಿ. ಎಲ್ಲ ಸರಿ ಇದ್ದರೆ ಸ್ಕ್ರೂ ಬಿಗಿ ಮಾಡಿ. ನಿಮ್ಮ ಕಾರಿನ ಟೇಲ್ ಫ್ಯೂಸಿನ ಬಣ್ಣದ್ದೇ ಎರಡು ಫ್ಯೂಸ್, ಒಂದು ಟೆಸ್ಟ್ ಲ್ಯಾಂಪ್ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟುಬಿಡಿ.